ಸೈಲೆನ್ಸರಿನ ಮಸಿ

ರೇಡಿಯೋದ ಮುಂದೆ ಕುಳಿತು ನಿಶ್ಶಬ್ದವನ್ನು ಕುರಿತು ಮಾತನಾಡುವುದು ಸ್ವಲ್ಪ ವಿಚಿತ್ರವೇ ಸರಿ. ಆದರೆ ಋಷಿಗಳ ಮೌನದ ವಿಚಾರ ಹೇಳುವ ಯೋಗ್ಯತೆ ನನಗಿಲ್ಲ. ನಾನು ಹೇಳಹೊರಟಿರುವುದು ಮೋಟಾರ್ ಸೈಕಲ್ಲಿನ ಹಿಂಬದಿಯಲ್ಲಿ, ಧೂಳು ಕೆಸರುಗಳ ನಡುವೆ ತೂಗಿಕೊಂಡಿರುವ ಒಂದು ಉಕ್ಕಿನ ಕೊಳವೆಯ ವಿಚಾರ. ಅದನ್ನು ನಾವೆಲ್ಲ ಸೈಲೆನ್ಸರ್ ಎನ್ನುತ್ತೇವೆ. ಅದು ಕಾದಿದ್ದಾಗ ಕಾಲು ಸುಟ್ಟುಕೊಂಡವರುಂಟು. ಮಳೆಗಾಲದಲ್ಲಿ ಅದು ತುಕ್ಕು ಹಿಡಿದಾಗ ಗೊಣಗಿದವರುಂಟು. ಅದರ ಒಳಗೆ ಏನು ಸೇರಿಕೊಂಡಿದೆ ಎಂದು ಬಗ್ಗಿ ನೋಡಿದವರು ಕಡಿಮೆ.

ಸೈಲೆನ್ಸರ್ ಎಂಬ ಮಾತಿಗೆ ಇನ್ನೊಂದು ಅರ್ಥವನ್ನು ನಮಗೆ ಕಲಿಸಿದ್ದು ಸಿನಿಮಾ. ಖಳನಾಯಕನು ಪಿಸ್ತೂಲಿನ ತುದಿಗೆ ಒಂದು ಕರಿಯ ಕೊಳವೆಯನ್ನು ನಿಧಾನವಾಗಿ ತಿರುಗಿಸಿ ಕೂರಿಸುತ್ತಾನೆ. ಗುಂಡು ಹಾರಿದರೆ ಬೆಕ್ಕು ಸೀನಿದಷ್ಟು ಸದ್ದು. ಆ ಕೊಳವೆಗೂ ನಮ್ಮ ಮೋಟಾರ್ ಸೈಕಲ್ಲಿನ ಕೊಳವೆಗೂ ಹೆಸರು ಮಾತ್ರ ಒಂದು ಎಂದು ನಾನು ಬಹುಕಾಲ ನಂಬಿದ್ದೆ. ಆಮೇಲೆ ತಿಳಿದುಬಂದದ್ದು, ಅವು ಒಂದೇ ಮನೆಯ ಮಕ್ಕಳೆಂದು.

ಆ ಮನೆಯ ಯಜಮಾನ ಹೈರಂ ಪರ್ಸಿ ಮ್ಯಾಕ್ಸಿಂ ಎಂಬ ಅಮೆರಿಕದ ಎಂಜಿನಿಯರು. ಇವನ ತಂದೆ ಹೈರಂ ಸ್ಟೀವನ್ಸ್ ಮ್ಯಾಕ್ಸಿಂ 1884ರ ಸುಮಾರಿಗೆ ತಾನೇ ತಾನಾಗಿ ಗುಂಡು ಕಾರುವ ಮೆಷಿನ್ ಗನ್ನನ್ನು ನಿರ್ಮಿಸಿ ಲೋಕಕ್ಕೆ ಕೊಟ್ಟವನು; ಬಂದೂಕುಗಳ ನಡುವೆಯೇ ಬಾಳಿ, ಮುಪ್ಪಿನಲ್ಲಿ ಕಿವಿಯನ್ನು ಕಳೆದುಕೊಂಡವನು. ತಂದೆ ಜಗತ್ತಿಗೆ ಕೊಟ್ಟ ಸದ್ದನ್ನು ಮಗ ಅಡಗಿಸಲು ಹೊರಟದ್ದು ಪುರಾಣದ ಕಥೆಯ ಹಾಗಿದೆ. ಮಗನಿಗೆ ಉಪಾಯ ಹೊಳೆದದ್ದು ಸ್ನಾನದ ತೊಟ್ಟಿಯಲ್ಲಿ ಎಂಬ ಮಾತಿದೆ. ನೀರು ಸುಳಿಸುಳಿಯಾಗಿ ತೂತಿನೊಳಗೆ ಸದ್ದಿಲ್ಲದೆ ಇಳಿಯುವುದನ್ನು ಕಂಡು, ಬಂದೂಕಿನ ಅನಿಲವನ್ನೂ ಹೀಗೆಯೇ ಸುತ್ತಿಸಿ, ತಡೆದು, ದಣಿಸಿ ಹೊರಗೆ ಬಿಟ್ಟರೆ ಹೇಗೆ ಎಂದುಕೊಂಡನಂತೆ. 1909ರಲ್ಲಿ ಅವನಿಗೆ ಅದರ ಪೇಟೆಂಟು ದೊರೆಯಿತು. ಅದೇ ತತ್ತ್ವವನ್ನು ಎಂಜಿನ್ನುಗಳ ಹೊಗೆಕೊಳವೆಗೂ ಅನ್ವಯಿಸಿ ಅವನ ಕಂಪನಿ ಮುಂದೆ ಯಂತ್ರಗಳ ಸೈಲೆನ್ಸರುಗಳನ್ನೇ ಮುಖ್ಯ ಉದ್ಯೋಗ ಮಾಡಿಕೊಂಡಿತು. ರೇಡಿಯೋ ಕೇಳುವ ನಿಮಗೆ ಇನ್ನೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಇದೇ ಮನುಷ್ಯ 1914ರಲ್ಲಿ ಅಮೆರಿಕದ ಹವ್ಯಾಸಿ ರೇಡಿಯೋ ಬಳಗದ ಸ್ಥಾಪಕರಲ್ಲಿ ಒಬ್ಬನಾದ. ಹತ್ತಿರದ ಸದ್ದನ್ನು ಅಡಗಿಸುವುದೂ ದೂರದ ದನಿಯನ್ನು ಕೇಳಿಸುವುದೂ ಅವನಿಗೆ ಒಟ್ಟೊಟ್ಟಿಗೆ ಬೇಕಾಗಿತ್ತು.

ಸಿನಿಮಾದ ಆ ಬೆಕ್ಕಿನ ಸೀನು ಮಾತ್ರ ಶುದ್ಧ ಸುಳ್ಳು. ಬಂದೂಕು ಹಾರಿದಾಗ ಏಳುವ ಸದ್ದು ಸುಮಾರು 160 ಡೆಸಿಬಲ್. ಒಳ್ಳೆಯ ಸೈಲೆನ್ಸರು ಅದರಲ್ಲಿ 20ರಿಂದ 35ರವರೆಗೆ ಕಡಿಮೆ ಮಾಡೀತು. ಡೆಸಿಬಲ್ಲಿನ ಲೆಕ್ಕದಲ್ಲಿ 30 ಕಡಿಮೆಯಾಯಿತೆಂದರೆ ಶಬ್ದದ ಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಇಳಿಯಿತೆಂದು ಅರ್ಥ. ಆದರೂ ಉಳಿದದ್ದು ಕಿವಿ ನೋಯಿಸುವಷ್ಟಿರುತ್ತದೆ. ಗುಂಡು ಶಬ್ದಕ್ಕಿಂತ ವೇಗವಾಗಿ ಓಡುವಂಥದಾದರೆ ಗಾಳಿಯನ್ನು ಸೀಳುವ ಅದರ ಚಾವಟಿಯ ಸದ್ದನ್ನು ಯಾವ ಕೊಳವೆಯೂ ತಡೆಯಲಾರದು. ಫಿನ್ಲೆಂಡ್ ನಾರ್ವೆಗಳಲ್ಲಿ ಬೇಟೆಗಾರರು ಇದನ್ನು ಬಳಸುವುದು ತಮ್ಮ ಕಿವಿಯನ್ನೂ ನೆರೆಯವರ ನಿದ್ದೆಯನ್ನೂ ಉಳಿಸಲು. ನಮ್ಮ ದೇಶದ 1959ರ ಆಯುಧ ಕಾಯಿದೆಯಾದರೋ ಬಂದೂಕಿನ ಸದ್ದನ್ನು ತಗ್ಗಿಸುವ ಸಾಧನವನ್ನೂ 'ಬಂದೂಕು' ಎಂಬ ಮಾತಿನ ಅರ್ಥದೊಳಗೇ ಸೇರಿಸಿಬಿಟ್ಟಿದೆ. ಆ ಬರಿಯ ಕೊಳವೆಯೇ ಕಾನೂನಿನ ಕಣ್ಣಿಗೆ ಬಂದೂಕು.

ಆ ಕೊಳವೆಯ ಒಳಗೆ ಒಂದರ ಹಿಂದೊಂದು ಅಡ್ಡಗೋಡೆಗಳಿರುತ್ತವೆ. ಪ್ರತಿಯೊಂದು ಗುಂಡಿನ ಹಿಂದೆ ಬರುವ ಬಿಸಿ ಅನಿಲ ಆ ಗೋಡೆಗಳಿಗೆ ಬಡಿದು ಮಸಿಯನ್ನು ಬಿಟ್ಟುಹೋಗುತ್ತದೆ. ಬರಿಯ ಸೀಸದ ಸಣ್ಣ ಗುಂಡುಗಳಾದರೆ ಸೀಸವೂ ಅಂಟಿಕೊಳ್ಳುತ್ತದೆ. ನಿಶ್ಶಬ್ದವನ್ನು ಒಮ್ಮೆ ಕೊಂಡು ತಂದರೆ ಸಾಲದು, ಆಗಾಗ ಬಿಚ್ಚಿ ತೊಳೆಯಲೂ ಬೇಕು ಎಂಬುದು ಅದನ್ನು ಬಳಸುವವರ ಅನುಭವ. ಈ ಒಂದು ಮಾತು ನನಗೆ ಹೊಸದಲ್ಲ. ನಾನು ಬಂದೂಕು ಹಿಡಿದವನಲ್ಲ, ಯೆಜ್ಡಿ ಓಡಿಸಿದವನು.

ಬಂದೂಕಿಗೂ ಮೋಟಾರ್ ಸೈಕಲ್ಲಿಗೂ ಇರುವ ನೆಂಟಸ್ತನ ಇಲ್ಲಿಗೆ ಮುಗಿಯುವುದಿಲ್ಲ. ಬಿ.ಎಸ್.ಎ. ಎಂಬ ಮೂರಕ್ಷರದ ವಿಸ್ತಾರ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಸಣ್ಣ ಆಯುಧಗಳ ಕಾರ್ಖಾನೆ. ನಮ್ಮ ಹುಡುಗರ ಕಣ್ಮಣಿಯಾದ ರಾಯಲ್ ಎನ್‌ಫೀಲ್ಡಿನ ಲಾಂಛನವೇ ಫಿರಂಗಿ. ಅದರ ಗಾಡಿಯ ಹೆಸರೇ ಬುಲೆಟ್. ಇನ್ನು ಜಾವಾ. ಫ್ರಾಂತಿಶೆಕ್ ಯಾನೆಚೆಕ್ ಎಂಬ ಚೆಕ್ ದೇಶದ ಆಯುಧ ತಯಾರಕ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅದರ ಹೆಸರಿನ ಮೊದಲೆರಡನ್ನು ಜೋಡಿಸಿ ಜಾವಾ ಎಂದು ಕರೆದ. ಯುದ್ಧವಿಲ್ಲದ ಕಾಲದಲ್ಲಿ ಆಯುಧದ ಕಾರ್ಖಾನೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಅವನು ಕಂಡುಕೊಂಡ ಉತ್ತರ ಅದು.

ಆ ಉತ್ತರ 1961ರಲ್ಲಿ ಮೈಸೂರಿಗೆ ಬಂತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 70ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಕಾಶವಾಣಿಯ ಮೈಸೂರು ಕೇಂದ್ರವೂ ಇರುವುದು ಅದೇ ಯಾದವಗಿರಿಯಲ್ಲಿ. ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಹಚ್ಚಿದ ದೀಪದ ಮುಂದುವರಿಕೆ ಆ ಕೇಂದ್ರ. ದನಿಯನ್ನು ಹರಡುವ ಕೆಲಸ, ಸದ್ದು ಮಾಡುವ ಗಾಡಿಗೆ ಸೈಲೆನ್ಸರ್ ತೊಡಿಸುವ ಕೆಲಸ, ಎರಡೂ ಒಂದೇ ಬಡಾವಣೆಯಲ್ಲಿ ದಶಕಗಳ ಕಾಲ ನಡೆದವು. ಮ್ಯಾಕ್ಸಿಂ ಮಹಾಶಯ ಬದುಕಿದ್ದಿದ್ದರೆ ಯಾದವಗಿರಿಯಲ್ಲೇ ಮನೆ ಮಾಡುತ್ತಿದ್ದನೋ ಏನೋ.

ನನ್ನ ಯೆಜ್ಡಿ ಜಯನಗರದ ನಮ್ಮ ಮನೆಗೆ ಬಂದದ್ದು 1982ರಲ್ಲಿ. 1948ರಲ್ಲಿ ಅಸ್ತಿಭಾರ ಹಾಕಿದ ಈ ಬಡಾವಣೆಯಲ್ಲಿ ಆಗಿನ್ನೂ ಸಂಜೆಯ ಹೊತ್ತು ಪಕ್ಕದ ಮನೆಯ ಒಗ್ಗರಣೆಯ ಸದ್ದು ಕೇಳಿಸುತ್ತಿತ್ತು. ಯೆಜ್ಡಿಗೆ ಸಿಲಿಂಡರು ಒಂದೇ, ಆದರೆ ಸೈಲೆನ್ಸರು ಎರಡು, ಎಡಕ್ಕೊಂದು, ಬಲಕ್ಕೊಂದು. ಒಂದು ಬಾಯಿಗೆ ಎರಡು ಮೂಗು ಎಂದು ನಮ್ಮ ತಂದೆ ನಗುತ್ತಿದ್ದರು. ಅದು ಎರಡು ಹೊಡೆತದ, ಎಂದರೆ ಟೂ ಸ್ಟ್ರೋಕ್ ಎಂಜಿನ್ನು. ಅದಕ್ಕೆ ಪೆಟ್ರೋಲಿನಲ್ಲೇ ಎಣ್ಣೆಯನ್ನು ಬೆರೆಸಿ ಕುಡಿಸಬೇಕು. ಲೀಟರಿಗೆ 40–50 ಮಿಲಿಲೀಟರಿನಷ್ಟು. ಬೆರೆಸಿದ ಎಣ್ಣೆ ಎಂಜಿನ್ನಿನ ಕೀಲುಗಳನ್ನು ನಯವಾಗಿಟ್ಟು, ತಾನು ಅರೆಬರೆ ಬೆಂದು, ಹೊಗೆಯ ಜೊತೆ ಹೊರಟು, ಸೈಲೆನ್ಸರಿನ ತಂಪಾದ ಗೋಡೆಗಳನ್ನು ಕಂಡಕೂಡಲೇ ಅಲ್ಲೇ ಬಿಡಾರ ಹೂಡುತ್ತದೆ. ಮೊದಲು ಜಿಡ್ಡು, ಆಮೇಲೆ ಮಸಿ, ಕೊನೆಗೆ ಕಲ್ಲಿನಂಥ ಹೊರಪದರ. ಎಣ್ಣೆ ಕಡಿಮೆ ಹಾಕಿದರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಹೆಚ್ಚು ಹಾಕಿದರೆ ಸೈಲೆನ್ಸರು ಕಟ್ಟಿಕೊಳ್ಳುತ್ತದೆ.

ಕಟ್ಟಿಕೊಂಡ ಗಾಡಿಯ ಲಕ್ಷಣಗಳನ್ನು ಕೇಳಿ. ಬಸವನಗುಡಿಯ ಏರಿನಲ್ಲಿ ಅದಕ್ಕೆ ಏದುಸಿರು ಬರುತ್ತದೆ. ಸದ್ದು ಕಂಬಳಿ ಹೊದ್ದುಕೊಂಡಂತೆ ಮಂಕಾಗುತ್ತದೆ. ಕೊಳವೆಯ ತುದಿಯಿಂದ ಕರಿಯ ಎಣ್ಣೆ ತೊಟ್ಟಿಕ್ಕಿ, ಹಿಂದೆ ಕುಳಿತವರ ಬಿಳಿಯ ಪಂಚೆಗೆ ಚುಕ್ಕೆಯಿಡುತ್ತದೆ. ಎಂಜಿನ್ನು ಸುಮ್ಮಸುಮ್ಮನೆ ಕಾಯುತ್ತದೆ. ಉಸಿರು ಹೊರಗೆ ಹೋಗದಿದ್ದರೆ ಹೊಸ ಉಸಿರು ಒಳಗೆ ಬರುವುದೆಲ್ಲಿಂದ? ಯೋಗಾಭ್ಯಾಸದವರು ರೇಚಕ ಪೂರಕ ಎನ್ನುವುದನ್ನು ನಾನು ಮೊದಲು ಅರ್ಥಮಾಡಿಕೊಂಡದ್ದು ಈ ಗಾಡಿಯಿಂದ.

ಹಾಗಾಗಿ ಎರಡು ಮೂರು ತಿಂಗಳಿಗೊಂದು ಭಾನುವಾರ ನಮ್ಮ ಹಿತ್ತಿಲಿನಲ್ಲಿ ಸೈಲೆನ್ಸರ್ ಶುದ್ಧಿ. ತುದಿಯ ನಟ್ಟನ್ನು ಬಿಚ್ಚಿ ಒಳಗಿನ ಬ್ಯಾಫಲ್ಲನ್ನು ಎಳೆಯಬೇಕು. ತೂತುಗಳಿರುವ ಸಣ್ಣ ನಳಿಗೆ, ನಡುನಡುವೆ ಬಿಲ್ಲೆಗಳು. ಸದ್ದನ್ನು ಮುರಿಯುವ ಯಂತ್ರವೆಂದರೆ ಇಷ್ಟೆ. ಎಳೆಯಬೇಕು ಎಂದು ಸುಲಭವಾಗಿ ಹೇಳಿಬಿಟ್ಟೆ. ಮಸಿ ಅದನ್ನು ಬೆಸುಗೆ ಹಾಕಿದಂತೆ ಹಿಡಿದಿರುತ್ತದೆ. ಸೀಮೆಎಣ್ಣೆ ಹುಯ್ದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಇಕ್ಕಳದಲ್ಲಿ ಹಿಡಿದು ತಿರುಚಿ, ಒಂದೆರಡು ಬಾರಿ ಬೈದು ಹೊರಗೆ ತೆಗೆಯಬೇಕು. ಆಮೇಲೆ ಅದನ್ನು ಬಚ್ಚಲ ಒಲೆಯ ಕೆಂಡದಲ್ಲಿ ಇಡುವುದು. ತಾಮ್ರದ ಹಂಡೆಯಲ್ಲಿ ಎಲ್ಲರ ಸ್ನಾನದ ನೀರು ಕಾಯುತ್ತಿದ್ದ ಒಲೆ ಅದು. "ದೇವರ ಪೂಜೆಗೆ ಮೀಯುವ ನೀರಿನ ಒಲೆ ಕಣೋ, ನಿನ್ನ ಗಾಡಿಯ ಹೊಲಸೆಲ್ಲ ಇದಕ್ಕೆ ತುರುಕಬೇಡ" ಎಂದು ನಮ್ಮ ತಾಯಿ ಪ್ರತಿ ಸಲವೂ ಹೇಳುತ್ತಿದ್ದರು, ಪ್ರತಿ ಸಲವೂ ಕೆಂಡವನ್ನು ಒಂದು ಬದಿಗೆ ಎಳೆದುಕೊಡುತ್ತಿದ್ದರು. ಕೆಂಡದಲ್ಲಿ ಬ್ಯಾಫಲ್ಲು ಕೆಂಪಾದಾಗ ಮಸಿ ತಾನೇ ಉರಿದು ಬೂದಿಯಾಗುತ್ತದೆ. ಆರಿದ ಮೇಲೆ ತಟ್ಟಿ, ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಒಂದೊಂದೇ ತೂತು ಕಣ್ಣುಬಿಡುತ್ತದೆ. ಆ ತೂತುಗಳ ಮೂಲಕ ಬೆಳಕನ್ನು ನೋಡುವ ಸುಖವಿದೆಯಲ್ಲ, ಅದನ್ನು ಅನುಭವಿಸಿದವರೇ ಬಲ್ಲರು.

ಹೊರಗಿನ ದೊಡ್ಡ ಕೊಳವೆಯನ್ನು ಒಲೆಗೆ ಇಡಲಾಗದು. ಅದರ ಬೆಳ್ಳಿಯಂಥ ಲೇಪ ನೀಲಿಗಟ್ಟಿ ಹಾಳಾಗುತ್ತದೆ. ಅದನ್ನು ಬಡಾವಣೆಯ ಮೇಸ್ತ್ರಿಯ ಬಳಿ ಒಯ್ಯುತ್ತಿದ್ದೆ. ಅವನು ಒಂದು ತುದಿಗೆ ಮರದ ಬಿರಡೆ ಜಡಿದು, ಬಿಸಿನೀರಿನಲ್ಲಿ ಕರಗಿಸಿದ ಕಾಸ್ಟಿಕ್ ಸೋಡವನ್ನು ತುಂಬಿ, ರಾತ್ರಿಯೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಸುರಿದರೆ ಡಿಕಾಕ್ಷನ್ನಿನಂಥ ಕರಿಯ ನೀರು. "ಉಕ್ಕಿಗೆ ಮಾತ್ರ ಇದು ಆಗತ್ತೆ ಸಾರ್, ಅಲ್ಯುಮಿನಿಯಂ ಕಂಡರೆ ತಿಂದುಬಿಡತ್ತೆ" ಎಂದು ಅವನೇ ಎಚ್ಚರಿಸಿದ್ದ. ಅವನ ಎರಡು ಅಂಗೈಗಳೂ ಬಿರುಕುಬಿಟ್ಟ ಕೆರೆಯ ತಳದಂತಿದ್ದವು. ಕೈಚೀಲ ಹಾಕಿಕೊಳ್ಳಬಾರದೆ ಎಂದರೆ, "ನಟ್ಟು ಕೈಗೆ ತಿಳಿಯಬೇಕಲ್ಲ ಸಾರ್" ಎನ್ನುತ್ತಿದ್ದ. ಎಲ್ಲವನ್ನೂ ಜೋಡಿಸಿ ಗಾಡಿಗೆ ಕಿಕ್ ಕೊಟ್ಟಮೇಲೆ ಅವನು ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು, ಎರಡು ಸೈಲೆನ್ಸರುಗಳ ಹಿಂದೆ ಎರಡು ಅಂಗೈ ಹಿಡಿದು ಕಣ್ಣು ಮುಚ್ಚುತ್ತಿದ್ದ. ಎರಡು ಕಡೆಯ ಉಸಿರೂ ಸಮನಾಗಿ ತಾಕಬೇಕು. ನಾಡಿ ಹಿಡಿಯುವ ವೈದ್ಯರನ್ನು ಅಷ್ಟು ಏಕಾಗ್ರತೆಯಲ್ಲಿ ನಾನು ಕಂಡಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಒಂದು ಭಾನುವಾರ ಒಲೆಯಿಂದ ತೆಗೆದ ಬ್ಯಾಫಲ್ಲುಗಳನ್ನು ನಾನು ಮತ್ತೆ ಹಾಕಲಿಲ್ಲ. ಅವಿಲ್ಲದಿದ್ದರೆ ಗಾಡಿ ಹಾರುತ್ತದೆ ಎಂದು ಗೆಳೆಯರು ಹೇಳಿದ್ದರು. ಹಾರಿತೋ ಇಲ್ಲವೋ, ಬೀದಿಯಂತೂ ಎದ್ದು ನಿಂತಿತು. ನನಗೆ ಆಗ ಅದು ಪೌರುಷದ ಸಂಗೀತ. ಮೂರನೆಯದೋ ನಾಲ್ಕನೆಯದೋ ದಿನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ನಿಂತು ಕರೆದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ, ಉತ್ತರವೂ ಸಿದ್ಧವಾಗಿತ್ತು. ಅವರು ಕೇಳಿದ್ದು ಇಷ್ಟೆ: "ಬೆಳಿಗ್ಗೆ ನೀನು ಎಷ್ಟು ಗಂಟೆಗೆ ಹೊರಡುತ್ತೀಯಪ್ಪಾ? ಮೊದಲೇ ಹೇಳಿದರೆ ಇವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿರುತ್ತೇನೆ." ಅವರ ಪತ್ನಿ ತಲೆಯ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಿಂದ ಬಂದು ವಾರವಾಗಿತ್ತು ಎಂಬುದು ನಮ್ಮ ಮನೆಯಲ್ಲಿ ನನ್ನೊಬ್ಬನಿಗೆ ಗೊತ್ತಿರಲಿಲ್ಲ. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಂದು ಗಾಡಿಯನ್ನು ಬೀದಿಯ ತುದಿಯವರೆಗೆ ತಳ್ಳಿಕೊಂಡು ಹೋದೆ. ಸಂಜೆ ಬ್ಯಾಫಲ್ಲುಗಳು ತಮ್ಮ ಜಾಗಕ್ಕೆ ಹೋದವು.

ಗೆಳೆಯರ ಆ ನಂಬಿಕೆ ಶಾಸ್ತ್ರಕ್ಕೂ ಒಪ್ಪುವುದಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹಳೆಯ ಹೊಗೆ ಹೊರಗೆ ಹೋಗುವಾಗ ಹೊಸ ಪೆಟ್ರೋಲಿನ ಆವಿಯೂ ಸ್ವಲ್ಪ ಅದರ ಬೆನ್ನುಹತ್ತಿ ಹೊರಡುತ್ತದೆ. ಕೊಳವೆಯ ಆಕಾರ ಸರಿಯಾಗಿದ್ದರೆ ಒತ್ತಡದ ಅಲೆಯೊಂದು ತುದಿಗೆ ತಾಕಿ ಹಿಂದಿರುಗಿ ಬಂದು, ಓಡಿಹೋಗುತ್ತಿದ್ದ ಆವಿಯನ್ನು ಮತ್ತೆ ಒಳಕ್ಕೆ ನೂಕುತ್ತದೆ. ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು 50ರ ದಶಕದಲ್ಲಿ ಈ ಅಲೆಗಳನ್ನು ಪಳಗಿಸಿದ. 1961ರಲ್ಲಿ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ವೇಳೆ ಪಶ್ಚಿಮಕ್ಕೆ ಪಲಾಯನ ಮಾಡಿ, ಆ ವಿದ್ಯೆಯನ್ನು ಜಪಾನಿನ ಸುಜುಕಿಗೆ ಒಪ್ಪಿಸಿ, ಮರುವರ್ಷವೇ ಅವರ ಗಾಡಿಯಲ್ಲಿ 50 ಸಿ.ಸಿ. ವರ್ಗದ ವಿಶ್ವಪ್ರಶಸ್ತಿ ಗೆದ್ದ. ಹೊಗೆಕೊಳವೆಯ ಗುಟ್ಟಿಗಾಗಿ ದೇಶಾಂತರ ಹೋದವರಿದ್ದಾರೆ. ನಾವು ಅದನ್ನು ಸ್ಪ್ಯಾನರಿನಿಂದ ಬಿಚ್ಚಿ ಮೂಲೆಗೆ ಎಸೆಯುತ್ತೇವೆ.

ಹಿತ್ತಿಲಿನ ಆ ಮಸಿಯ ಕಥೆ ಇನ್ನೂ ಇದೆ. ಕೆರೆದು ತೆಗೆದ ಮಸಿಯನ್ನೂ ಬೂದಿಯನ್ನೂ ನಾನು ತೆಂಗಿನ ಮರದ ಬುಡಕ್ಕೆ ಸುರಿಯುತ್ತಿದ್ದೆ. ಬೂದಿ ಮರಕ್ಕೆ ಒಳ್ಳೆಯದೆಂಬುದು ಮನೆಯ ತಿಳಿವಳಿಕೆ. ಆ ಕಾಲದ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತ ಬೆರೆತಿರುತ್ತಿತ್ತು. ಎಂಜಿನ್ನು ಕುಟ್ಟದಂತೆ ತಡೆಯಲು ಬೆರೆಸುತ್ತಿದ್ದ ಅದು ಉರಿದು ಹೊಗೆಯಲ್ಲಿ, ಮಸಿಯಲ್ಲಿ ಸೇರುತ್ತಿತ್ತು. 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ಕುರಿತು ನಮ್ಮ ಬೆಂಗಳೂರಿನಲ್ಲೇ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆಂದು ಆಗ ಓದಿದಾಗ ನನಗೆ ಮೊದಲು ನೆನಪಾದದ್ದು ತೆಂಗಿನ ಮರದ ಬುಡ, ಅಲ್ಲಿ ಮಣ್ಣಿನಲ್ಲಿ ಆಡುತ್ತಿದ್ದ ನಮ್ಮ ಮನೆಯ ಮಕ್ಕಳು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂತು. ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಷ್ಟು ಹಿಂದೆಯೇ ಹೊಗೆಗೂಡು ಗುಡಿಸುವ ಹುಡುಗರಿಗೆ ಬರುತ್ತಿದ್ದ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಬರೆದಿಟ್ಟಿದ್ದ. ಅದನ್ನು ನಮ್ಮ ಮೇಸ್ತ್ರಿಗೆ ಯಾರೂ ಹೇಳಿರಲಿಲ್ಲ. ಗೊತ್ತಾದ ಮೇಲೆ ನಾನೂ ಹೇಳಲಿಲ್ಲ. ಆ ಹೊತ್ತಿಗೆ ಅವನ ಅಂಗಡಿ ಅಲ್ಲಿರಲಿಲ್ಲ.

ವರ್ಷಕ್ಕೊಮ್ಮೆ ಆಯುಧಪೂಜೆ ಬರುತ್ತದೆ. ಕೊಡಗಿನವರು ಕೈಲ್ ಮುಹೂರ್ತದಲ್ಲಿ ತಮ್ಮ ಕೋವಿಗಳನ್ನು ಶುಚಿಮಾಡಿ ಪೂಜೆಗಿಡುತ್ತಾರೆ. ಕತ್ತಿ ಕೋವಿಗಳಿಲ್ಲದ ಬೆಂಗಳೂರಿನವರಾದ ನಾವು ಗಾಡಿಗಳನ್ನೇ ಆಯುಧವೆಂದು ಭಾವಿಸಿ ತೊಳೆದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ನಡುಬೀದಿಯಲ್ಲಿ ಬೂದುಗುಂಬಳ ಒಡೆಯುತ್ತೇವೆ. ಸೈಲೆನ್ಸರಿನ ಮೇಲೂ ಮೂರು ಪಟ್ಟೆ ವಿಭೂತಿ. ಗಾಡಿಯನ್ನು ಆಯುಧವೆಂದದ್ದು ಅಲಂಕಾರದ ಮಾತು ಎಂದು ಹಿಂದೆ ಅಂದುಕೊಂಡಿದ್ದೆ. ರಾತ್ರಿ ಹನ್ನೊಂದರ ಮೇಲೆ ಬನಶಂಕರಿಯ ವರ್ತುಲ ರಸ್ತೆಯಲ್ಲಿ ಪಟಾಕಿ ಸಿಡಿಸುತ್ತ ಹೋಗುವ ಬುಲೆಟ್ಟುಗಳನ್ನು ಕೇಳಿದ ಮೇಲೆ ಆ ಅಭಿಪ್ರಾಯ ಬದಲಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಎಂದು ಮಿತಿ ಹಾಕಿವೆ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಕಿತ್ತುಕೊಂಡ ಕರ್ಕಶ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದ್ದುಂಟು. ನೋಡಲು ನೂರಾರು ಜನ. ನನಗೆ ಆ ಚಿತ್ರ ಹಿತವಾಗಲಿಲ್ಲ. ಕೊಂಡವನ ಕೊಳವೆ ಚಪ್ಪಟೆಯಾಗುತ್ತದೆ. ಅದನ್ನು ಮಾಡಿದವನೂ ಮಾರಿದವನೂ ಆ ಸಾಲಿನಲ್ಲಿ ಕಾಣುವುದಿಲ್ಲ. ಇನ್ನೂ ಒಂದು ಮಾತು, ಆ ಹುಡುಗರಲ್ಲಿ ಎಷ್ಟು ಮಂದಿಯ ಗೇಟಿನ ಬಳಿ ಒಬ್ಬ ಮೇಷ್ಟ್ರು ಬಂದು ನಿಂತಿದ್ದಾರು? ಅಪಾರ್ಟ್‌ಮೆಂಟಿನ ಹತ್ತನೆಯ ಅಂತಸ್ತಿನಲ್ಲಿ ಮಲಗಿದ ರೋಗಿಗೆ ಗೇಟೂ ಇಲ್ಲ, ಗಾಡಿಯವನ ಹೆಸರೂ ಗೊತ್ತಿಲ್ಲ.

ಈಚಿನ ಗಾಡಿಗಳ ಸೈಲೆನ್ಸರಿನಲ್ಲಿ ಕೆರೆಯುವುದಕ್ಕೆ ಏನೂ ಇಲ್ಲ. ಒಳಗೆ ಜೇನುಗೂಡಿನಂಥ ಕ್ಯಾಟಲಿಟಿಕ್ ಕನ್ವರ್ಟರು. ಕಾಸ್ಟಿಕ್ ಸೋಡ ತೋರಿಸಿದರೆ ಅದರ ಆಯುಸ್ಸು ಮುಗಿಯಿತು. ವಿದ್ಯುತ್ತಿನ ಸ್ಕೂಟರಿಗೆ ಕೊಳವೆಯೇ ಇಲ್ಲ. ಅದು ಎಷ್ಟು ಸದ್ದಿಲ್ಲದ್ದೆಂದರೆ, ಯೂರೋಪಿನಲ್ಲಿ 2019ರಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ನಿಧಾನವಾಗಿ ಹೋಗುವಾಗ ಪಾದಚಾರಿಗಳ ಎಚ್ಚರಕ್ಕಾಗಿ ಕೃತಕ ಸದ್ದು ಮಾಡಲೇಬೇಕೆಂದು ಕಾನೂನು ಮಾಡಿದ್ದಾರೆ. ಮ್ಯಾಕ್ಸಿಂ ಇದಕ್ಕೆ ಏನೆನ್ನುತ್ತಿದ್ದನೋ!

ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಜಾವಾ ಯೆಜ್ಡಿಗಳ ಒಡೆಯರೆಲ್ಲ ಸೇರುವ ಪದ್ಧತಿಯಿದೆ. ಒಂದು ವರ್ಷ ನಾನೂ ನೋಡಲು ಹೋಗಿದ್ದೆ. ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದ ಒಬ್ಬ ಹುಡುಗ, ಅಜ್ಜನ ರೋಡ್‌ಕಿಂಗ್ ಗಾಡಿಯನ್ನು ಕನ್ನಡಿಯಂತೆ ಉಜ್ಜಿ ನಿಲ್ಲಿಸಿದ್ದ. "ಏರಿನಲ್ಲಿ ಎಳೆಯೋದೇ ಇಲ್ಲ ಅಂಕಲ್, ಕಾರ್ಬುರೇಟರ್ ಎರಡು ಸಲ ತೊಳೆಸಿದೆ" ಎಂದ. ಸ್ಟಾರ್ಟ್ ಮಾಡು ಎಂದೆ. ಈ ವಯಸ್ಸಿನಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು ಕಷ್ಟ. ಆದರೂ ಅವನ ಭುಜ ಹಿಡಿದು ಕುಳಿತು, ಎರಡು ಕೊಳವೆಗಳ ಹಿಂದೆ ಎರಡು ಅಂಗೈ ಹಿಡಿದೆ. ಬಲಗಡೆ ಬಿಸಿ ಗಾಳಿ ಟಪಟಪನೆ ತಟ್ಟಿತು. ಎಡಗಡೆ ಇತ್ತೋ ಇಲ್ಲವೋ ಎಂಬಷ್ಟು. ಎಡಗಡೆಯ ತುದಿಯ ನಟ್ಟನ್ನು ಬಿಚ್ಚಿ ಬ್ಯಾಫಲ್ಲನ್ನು ಎಳೆದು ನೋಡು, ಸೀಮೆಎಣ್ಣೆ ಹುಯ್ದು ಒಂದು ಗಂಟೆ ಬಿಡು ಎಂದೆ. ಕೈಚೀಲ ಹಾಕಿಕೊಂಡು ಮಾಡು, ಮಸಿಯನ್ನು ಮರದ ಬುಡಕ್ಕೆ ಸುರಿಯಬೇಡ ಎಂದೂ ಹೇಳಿದೆ. ಅವನು ಬೆನ್ನುಚೀಲದಲ್ಲಿ ಸ್ಪ್ಯಾನರ್ ಹುಡುಕತೊಡಗಿದ.